ನರಿಯ ಬೆಟ್ಟದಿಂದ ಗುಡುಗಿನ ದೇವರ ಗುಡಿಗೆ

ಜಪಾನಿನ ಕ್ಯೋಟೋ ಸ್ಟೇಷನ್ನಿನಲ್ಲಿ ನಾರಾ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿದರೆ ಎರಡನೇ ನಿಲ್ದಾಣವೇ ಇನಾರಿ. ಹೊರಗೆ ಬಂದರೆ ರಸ್ತೆಯ ಆ ಬದಿಯಲ್ಲೇ ಫುಶಿಮಿ ಇನಾರಿ ಗುಡಿಯ ದೊಡ್ಡ ಕೆಂಪು ಕಮಾನು. ಜಪಾನಿನ ಮೂಲ ಧರ್ಮವಾದ ಶಿಂಟೋದ ಗುಡಿಗಳ ಮುಂದೆ ನಿಲ್ಲಿಸುವ ಈ ಕಮಾನಿಗೆ ಟೋರಿ ಅನ್ನುತ್ತಾರೆ. ಈಚೆಗೆ ಊರು, ಆಚೆಗೆ ದೇವರ ಜಾಗ. ನಾವು ಬೆಳಿಗ್ಗೆ ಬೇಗ ಹೋಗಿದ್ದೆವು. ಕೋಟು ಹಾಕಿಕೊಂಡು ಆಫೀಸಿಗೆ ಹೊರಟಿದ್ದ ಒಬ್ಬರು ಕಮಾನಿನ ಕೆಳಗೆ ನಿಂತು ತಲೆಬಾಗಿದರು. ಒಳಗೆ ಹೋಗಿ ನಾಣ್ಯ ಹಾಕಿದರು. ಎರಡು ಸಲ ಬಗ್ಗಿ, ಎರಡು ಸಲ ಚಪ್ಪಾಳೆ ತಟ್ಟಿ, ಕೈಮುಗಿದು, ಮತ್ತೊಮ್ಮೆ ಬಗ್ಗಿ, ರೈಲು ಹಿಡಿಯಲು ಹೊರಟೇಬಿಟ್ಟರು. ಈ ಗುಡಿಯ ಆವರಣಕ್ಕೆ ಟಿಕೆಟ್ ಇಲ್ಲ, ಬಾಗಿಲು ಹಾಕುವ ಹೊತ್ತೂ ಇಲ್ಲ.

ಕ್ಯೋಟೋದಲ್ಲೇ ಓದುತ್ತಿರುವ ಗೆಳತಿ ಜೊತೆಗಿದ್ದಳು. ಜನ ದಿನಾ ಹೀಗೆ ಬರುತ್ತಾರಾ ಅಂತ ಕೇಳಿದೆ.

"ಕೆಲವರು ದಿನಾ ಬರ್ತಾರೆ ಕಣೇ. ಕೆಲವರು ಹೊಸ ವರ್ಷಕ್ಕೆ ಮಾತ್ರ. ನಿಮಗೆ ದೇವರಲ್ಲಿ ನಂಬಿಕೆ ಇದೆಯಾ ಅಂತ ಕೇಳಿದ್ರೆ ಸುಮಾರು ಜನ ಏನು ಹೇಳ್ಬೇಕೋ ಗೊತ್ತಾಗದೆ ನಗ್ತಾರೆ. ಆದ್ರೆ ಮಗು ಹುಟ್ಟಿದ್ರೆ ಗುಡಿಗೆ ಕರ್ಕೊಂಡು ಬರ್ತಾರೆ. ಹೊಸ ಕಾರು ತಗೊಂಡ್ರೂ ಬರ್ತಾರೆ. ಮನೆ ಕಟ್ಟೋ ಮುಂಚೆ ಪೂಜಾರಿಯನ್ನ ಸೈಟಿಗೇ ಕರೆಸ್ತಾರೆ."

ಫುಶಿಮಿ ಇನಾರಿ ಗುಡಿ ಶುರುವಾದದ್ದು 711ರಲ್ಲಿ ಅಂತ ಹೇಳುತ್ತಾರೆ. ಅದರ ಕಥೆ ನನಗೆ ತುಂಬಾ ಇಷ್ಟವಾಯಿತು. ಹಾತಾ ಮನೆತನದ ಇರೋಗು ಎಂಬ ಶ್ರೀಮಂತನಿದ್ದ. ಅವನ ಮನೆಯಲ್ಲಿ ಅಕ್ಕಿ ಎಷ್ಟು ತುಂಬಿತ್ತೆಂದರೆ, ಅನ್ನ ಕುಟ್ಟಿ ಮಾಡಿದ ಮೋಚಿಯನ್ನೇ ಗುರಿಯಾಗಿಟ್ಟು ಬಾಣ ಬಿಟ್ಟ. ಮೋಚಿ ಬಿಳಿ ಹಕ್ಕಿಯಾಗಿ ಹಾರಿ ಬೆಟ್ಟದ ತುದಿಯಲ್ಲಿ ಇಳಿಯಿತು. ಅಲ್ಲಿ ಭತ್ತ ಬೆಳೆಯಿತು, ಗುಡಿ ಎದ್ದಿತು. ಅವನ ವಂಶದವರು ಹಿರಿಯನ ತಪ್ಪಿಗೆ ನೊಂದು, ಅಲ್ಲಿಂದ ಮರ ಕಿತ್ತು ತಂದು ಮನೆಯಲ್ಲಿ ನೆಟ್ಟರಂತೆ. ಮರ ಬದುಕಿದರೆ ಒಳ್ಳೆಯದಾಗುತ್ತದೆ, ಒಣಗಿದರೆ ಇಲ್ಲ. ಇವತ್ತಿಗೂ ಫೆಬ್ರವರಿಯ ಹಬ್ಬದ ದಿನ ಜನ ಇಲ್ಲಿಂದ ಸುಗಿ ಮರದ ಪುಟ್ಟ ರೆಂಬೆಯನ್ನು ಮನೆಗೆ ಒಯ್ಯುತ್ತಾರೆ. ಅನ್ನದ ಜೊತೆ ಆಟವಾಡಬೇಡ ಅನ್ನುವುದನ್ನು ನಮ್ಮ ಮನೆಗಳಲ್ಲೂ ಹೇಳಿಯೇ ಬೆಳೆಸಿದ್ದಾರಲ್ವಾ?

ಹಾಗಾಗಿ ಇನಾರಿ ಮೊದಲು ಭತ್ತದ ದೇವರು. ಮುಂದೆ ಪೇಟೆಗಳು ಬೆಳೆದಂತೆ ವ್ಯಾಪಾರಿಗಳ ದೇವರೂ ಆಯಿತು. ಟೋಕಿಯೊದ ಕೆಲವು ದೊಡ್ಡ ಮಳಿಗೆಗಳ ತಾರಸಿಯ ಮೇಲೂ ಪುಟ್ಟ ಇನಾರಿ ಗುಡಿ ಇರುತ್ತದೆ. ಎಲ್ಲೆಲ್ಲೂ ಕಾಣುವ ನರಿಗಳು ದೇವರಲ್ಲ, ದೇವರ ದೂತರು. ಒಂದರ ಬಾಯಲ್ಲಿ ಭತ್ತದ ತೆನೆ, ಇನ್ನೊಂದರ ಬಾಯಲ್ಲಿ ಕಣಜದ ಕೀಲಿ. ಕರಿದ ತೋಫು, ಅಂದರೆ ಸೋಯಾ ಪನೀರು, ನರಿಗೆ ಪ್ರೀತಿ ಅನ್ನುವ ನಂಬಿಕೆ ಇದೆ. ಅದೇ ತೋಫುವಿನ ಚೀಲದಲ್ಲಿ ಹುಳಿ ಅನ್ನ ತುಂಬಿದ ಇನಾರಿ ಸುಶಿಯನ್ನು ಗುಡಿಯ ಬೀದಿಯಲ್ಲಿ ಮಾರುತ್ತಾರೆ. ಸಿಹಿ, ಹುಳಿ ಎರಡೂ ಹದವಾಗಿತ್ತು.

ಇನ್ನು ಬೆಟ್ಟದ ದಾರಿಯುದ್ದಕ್ಕೂ ನಿಂತಿರುವ ಕೆಂಪು ಕಮಾನುಗಳ ಸಾಲು. ಫೋಟೋದಲ್ಲಿ ನೋಡಿದವರಿಗೆ ಅವು ಅಲಂಕಾರದಂತೆ ಕಾಣುತ್ತವೆ. ಹತ್ತುವಾಗ ನನಗೂ ಬರೀ ಕೆಂಪು ಬಣ್ಣವೇ ಕಂಡಿತು. ಇಳಿಯುವಾಗ ಮಾತ್ರ ಕಂಬಗಳ ಹಿಂಬದಿಯ ಕಪ್ಪು ಬರಹ ಎದುರಾಗುತ್ತದೆ. ಕಟ್ಟಿಸಿದವರ ಹೆಸರು, ಕಟ್ಟಿಸಿದ ತಿಂಗಳು, ವರ್ಷ. ಗೆಳತಿ ಓದುತ್ತಾ ಬಂದಳು: ಕಟ್ಟಡದ ಕಂಪನಿ, ಹೋಟೆಲು, ಯಾವುದೋ ಊರಿನ ದಂಪತಿ. ಹರಕೆ ಹೊತ್ತವರು, ಹರಕೆ ತೀರಿದವರು ಲಕ್ಷಾಂತರ ಯೆನ್ ಕೊಟ್ಟು ನಿಲ್ಲಿಸಿದ ಕಮಾನುಗಳಿವು. ಮರದವಾದ್ದರಿಂದ ಬುಡ ಕೊಳೆಯುತ್ತದೆ. ಹಳೆಯದನ್ನು ತೆಗೆಯುತ್ತಾರೆ, ಆ ಜಾಗಕ್ಕೆ ಹೊಸಬರ ಹೆಸರು ಬರುತ್ತದೆ. ಬೆಟ್ಟದಲ್ಲಿ ಒಟ್ಟು ಹತ್ತು ಸಾವಿರದಷ್ಟು ಇರಬಹುದು ಅನ್ನುತ್ತಾರೆ.

ಹೆಚ್ಚಿನ ಪ್ರವಾಸಿಗಳು ಮೊದಲ ಸಾಲಿನಲ್ಲಿ ಫೋಟೋ ತೆಗೆದು ವಾಪಸ್ ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಟ್ಟ ಬರೀ 233 ಮೀಟರ್. ಮೇಲೆ ಹೋದಷ್ಟೂ ಜನ ಕಡಿಮೆ, ದೇವರು ಜಾಸ್ತಿ. ಕೆರೆಯ ಪಕ್ಕದಲ್ಲಿ ಮೇಣದಬತ್ತಿಯ ಹೊಗೆಯಿಂದ ಕಪ್ಪಾದ ಕುಮತಾಕಾ ಗುಡಿ ಇದೆ. ಮನೆಯವರು ಯಾರಾದರೂ ಕಾಣೆಯಾದರೆ ಈ ಕೆರೆಯ ಕಡೆಗೆ ಚಪ್ಪಾಳೆ ತಟ್ಟಬೇಕಂತೆ. ಮಾರ್ದನಿ ಯಾವ ದಿಕ್ಕಿನಿಂದ ಬಂತೋ ಆ ಕಡೆ ಹುಡುಕಿದರೆ ಸುಳಿವು ಸಿಗುತ್ತದಂತೆ. ಇಲ್ಲಿ ನಿಂತು ತಟ್ಟಿದವರ ಸಂಕಟ ನೆನೆದು ನಾನು ಸುಮ್ನೆ ತಮಾಷೆಗೆ ತಟ್ಟಲಿಲ್ಲ.

ಇನ್ನೂ ಮೇಲೆ ದಾರಿಯ ಎರಡೂ ಬದಿಗೆ ಸಾವಿರಾರು ಕಲ್ಲುಗಳು. ಜನ ತಾವು ನಂಬಿದ ದೇವರಿಗೆ ತಾವೇ ಒಂದು ಹೆಸರಿಟ್ಟು, ಕಲ್ಲಲ್ಲಿ ಕೊರೆಸಿ ನಿಲ್ಲಿಸಿಕೊಂಡಿದ್ದಾರೆ. ವಯಸ್ಸಾದ ಒಬ್ಬರು ಹೆಂಗಸು ತಮ್ಮ ಕಲ್ಲನ್ನು ಒರೆಸಿ, ಪುಟ್ಟ ಬಟ್ಟಲಿನ ನೀರು ಬದಲಿಸಿ, ಎಲೆ ಗುಡಿಸುತ್ತಿದ್ದರು. ದೊಡ್ಡ ಗುಡಿಯ ಬೆಟ್ಟದೊಳಗೆ ಒಂದು ಮನೆತನದ ಸ್ವಂತ ದೇವರು! ಕ್ಯೋಟೋದಲ್ಲಿ ನಾನು ನೋಡಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ಇದು.

ಮರುದಿನ ಫೆಬ್ರವರಿ 25. ಊರಿನ ಇನ್ನೊಂದು ತುದಿಯ ಕಿತಾನೋ ತೆನ್‌ಮಾಂಗೂ ಗುಡಿಗೆ ಹೋದೆವು. ಇಲ್ಲಿಯ ದೇವರು ಒಂದು ಕಾಲಕ್ಕೆ ಮನುಷ್ಯ. ಹೆಸರು ಸುಗಾವಾರಾ ನೋ ಮಿಚಿಝಾನೆ, 845ರಲ್ಲಿ ಹುಟ್ಟಿದ ವಿದ್ವಾಂಸ, ಕವಿ, ಮಂತ್ರಿ. ಆಸ್ಥಾನದವರ ಪಿತೂರಿಯಿಂದ 901ರಲ್ಲಿ ದೂರದ ದಝೈಫುವಿಗೆ ಅಟ್ಟಿಸಿಕೊಂಡು, 903ರಲ್ಲಿ ಅಲ್ಲೇ ತೀರಿಕೊಂಡ. ಆಮೇಲೆ ಅವನ ವೈರಿಗಳು ಸತ್ತರು, 930ರಲ್ಲಿ ಅರಮನೆಗೇ ಸಿಡಿಲು ಬಡಿಯಿತು. ಇದು ಅವನದೇ ಸಿಟ್ಟು ಅಂದುಕೊಂಡ ಜನ ಅವನನ್ನು ಗುಡುಗಿನ ದೇವರಾಗಿ ಪೂಜಿಸಿದರು. 947ರಲ್ಲಿ ಈ ಗುಡಿ ಬಂತು. ಅವನಿಗೆ ಸೇರಿದ್ದ ಕುವಾಬಾರಾ ಎಂಬ ಜಾಗಕ್ಕೆ ಮಾತ್ರ ಸಿಡಿಲು ಬಡಿಯಲಿಲ್ಲವಂತೆ. ಅದಕ್ಕೇ ಗುಡುಗಿದಾಗ ಹಿರಿಯರು "ಕುವಾಬಾರಾ, ಕುವಾಬಾರಾ" ಅನ್ನುತ್ತಿದ್ದರು. ಗೆಳತಿ ಇದನ್ನು ಹೇಳುತ್ತಿದ್ದಂತೆ ನನಗೆ ನಮ್ಮಜ್ಜಿಯ ಧ್ವನಿ ಕೇಳಿಸಿತು. ಗುಡುಗು ಬಂದರೆ ನಮ್ಮನ್ನು ಹತ್ತಿರ ಎಳೆದುಕೊಂಡು "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ" ಅನ್ನುತ್ತಿದ್ದಳು.

ಕಾಲ ಕಳೆದಂತೆ ಸಿಟ್ಟಿನ ದೇವರು ವಿದ್ಯೆಯ ದೇವರಾದ. ಅಂಗಳದಲ್ಲಿ ಮಲಗಿದ ಎತ್ತುಗಳ ವಿಗ್ರಹಗಳಿವೆ. ಅವನ ಹೆಣ ಸಾಗಿಸುತ್ತಿದ್ದ ಎತ್ತು ದಾರಿಯಲ್ಲಿ ಕೂತುಬಿಟ್ಟಿತು, ಅಲ್ಲೇ ಮಣ್ಣು ಮಾಡಿದರು ಅನ್ನುವುದು ಕಥೆ. ನಿಮಗೆ ಎಲ್ಲಿ ನೋವಿದೆಯೋ ಎತ್ತಿನ ಆ ಭಾಗವನ್ನು ಸವರಬೇಕು. ಹುಡುಗರೆಲ್ಲ ತಲೆಯನ್ನೇ ಸವರಿ ಸವರಿ ಅದು ಫಳಫಳ ಹೊಳೆಯುತ್ತಿತ್ತು. ಅವತ್ತು ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯ ದಿನ ಬೇರೆ. ಹರಕೆಯ ಮರದ ಹಲಗೆಗಳು ಒಂದರ ಮೇಲೊಂದು ನೇತಾಡುತ್ತಿದ್ದವು. ಬೇಡಿಕೆಗಳಲ್ಲಿ ಸುತ್ತುಬಳಸು ಇಲ್ಲ. ಇಂಥ ಕಾಲೇಜು, ಇಂಥ ವಿಭಾಗ, ಪಾಸಾಗಲಿ ಅಂತ ನೇರವಾಗಿ ಬರೆದಿದ್ದಾರೆ. ನನಗೆ ಈ ನೇರ ಮಾತು ಹಿಡಿಸಿತು. ದೇವರ ಹತ್ತಿರ ಸಲಿಗೆ ಇದ್ದವರು ಮಾತ್ರ ಹೀಗೆ ಕೇಳಬಲ್ಲರು.

ಪ್ರತಿ ತಿಂಗಳ 25ರಂದು ಇಲ್ಲಿ ಸಂತೆ. ಹಳೆ ಕಿಮೋನೊ, ಪಿಂಗಾಣಿ, ಉಪ್ಪಿನಕಾಯಿ, ಗಿಡ, ಎಲ್ಲ ಸಿಗುತ್ತದೆ. ಫೆಬ್ರವರಿಯಲ್ಲಿ ಅವನ ಪುಣ್ಯತಿಥಿಯ ಪೂಜೆಯೂ ಸೇರುತ್ತದೆ, ಅವನಿಗೆ ಪ್ರಿಯವಾದ ಉಮೆ, ಅಂದರೆ ಜಪಾನಿನ ಪ್ಲಮ್ ಮರದ ಹೂವೂ ಅರಳಿರುತ್ತದೆ. ಆ ಮರಗಳ ಕಾಯಿಯನ್ನು ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿ, ವರ್ಷದ ಕೊನೆಯಲ್ಲಿ ಗುಡಿಯವರೇ ಕೊಡುತ್ತಾರೆ. ಹೊಸ ವರ್ಷದ ದಿನ ಅದನ್ನು ಬಿಸಿನೀರಿಗೋ ಚಹಾಕ್ಕೋ ಹಾಕಿ ಕುಡಿದರೆ ವರ್ಷವಿಡೀ ಆರೋಗ್ಯ ಅಂತ ನಂಬಿಕೆ. ಗೆಳತಿಯ ರೂಮಿನಲ್ಲಿ ಅಂಥ ಒಂದು ಪೊಟ್ಟಣ ಉಳಿದಿತ್ತು. ಸಂಜೆ ಬಿಸಿನೀರಿಗೆ ಹಾಕಿ ಕೊಟ್ಟಳು. ಹುಳಿ, ಉಪ್ಪು ಎರಡೂ ಜೋರಾಗಿತ್ತು. ಇನ್ನೊಂದು ಲೋಟ ಕೇಳಿ ಕುಡಿದೆ.