ಮಾರುತಿ 800 ಎಸಿ, ಐದನೇ ಕಂತು: ಒಂದು ಅಡಿ ವೈರಿಗೆ ಹನ್ನೊಂದು ದಿನ

ಎಸಿ ಕಂಪ್ರೆಸರಿನ ಕ್ಲಚ್ ಹಿಡಿಯಿತು. ಬಿಡಬೇಕಾದಾಗ ಬಿಟ್ಟಿತು, ಕರೆದಾಗ ಮತ್ತೆ ಹಿಡಿಯಿತು. ಅದೂ ವಿಜಯಪುರದ ಮಧ್ಯಾಹ್ನ ಎರಡೂವರೆಯ ಬಿಸಿಲಿನಲ್ಲಿ, ಬಾನೆಟ್ ಮುಟ್ಟಿದರೆ ರೊಟ್ಟಿ ಹಂಚು ಮುಟ್ಟಿದ ಹಾಗೆ ಆಗುವ ಹೊತ್ತಿನಲ್ಲಿ, ಒಂದು ಗಂಟೆ ಪೂರ್ತಿ. ಕೈಗೆ ಇನ್ನೂ ಗ್ರೀಸ್ ಇದೆ. ಆದರೂ ಬರೆಯುತ್ತಿದ್ದೇನೆ, ನಾಳೆಗೆ ಸಿಟ್ಟು ಆರಿ ಹೋಗುತ್ತದೆ.

ಗಾಡಿ ಗೊತ್ತಲ್ಲ, 1995ರದ್ದು. 796 ಸಿಸಿ, ಮೂರು ಸಿಲಿಂಡರ್, ಕಾರ್ಬುರೇಟರ್. ಎಸಿಯನ್ನು ಹಳೇ ಆರ್12 ಗ್ಯಾಸಿನಿಂದ ಹೊಸ ಆರ್134ಎಗೆ ತಂದದ್ದು, ಹಳೇ ಮಿನರಲ್ ಆಯಿಲ್ ಹೊಸ ಗ್ಯಾಸಿಗೆ ಹೊಂದಲ್ಲ ಅಂತ ಪೈಪೆಲ್ಲ ತೊಳೆದದ್ದು, ಓ-ರಿಂಗ್ ಬದಲಿಸಿದ್ದು, ಎಲ್ಲಾ ಹಿಂದಿನ ಕಂತುಗಳಲ್ಲಿ ಬಂದಾಗಿದೆ. ವ್ಯಾಕ್ಯೂಮ್ 45 ನಿಮಿಷ ಅಲ್ಲಾಡದೆ ನಿಂತಿತು. ಗ್ಯಾಸ್ ತುಂಬಿಸಿದೆ. ಸೋರಿಕೆ ಇಲ್ಲ. ಆ ಭಾಗ ಅಷ್ಟೇ.

ತಲೆನೋವು ಶುರುವಾದದ್ದು ಕಂಪ್ರೆಸರ್ ಪೆಟ್ಟಿಗೆ ಬಿಚ್ಚಿದಾಗ. "ರೀಕಂಡೀಷನ್, ಹೊಸದರ ಹಂಗ ಐತ್ರಿ" ಅಂತ ಹೇಳಿ ಮಾರಿದವರು ಕಳಿಸಿದ್ದರು. ರೀಕಂಡೀಷನ್ ಅಂದರೆ ಬೆಳ್ಳಿ ಬಣ್ಣದ ಸ್ಪ್ರೇ ಅಂತ ನನಗೇನು ಗೊತ್ತು. ಬೋಲ್ಟ್ ತೂತಿನ ಒಳಗೂ ಬಣ್ಣ, ಲೇಬಲ್ ಮೇಲೂ ಬಣ್ಣ. ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕತ್ತರಿಸಿ, ವೈರಿನ ತುದಿಯನ್ನು ಜನಿವಾರದ ಹಾಗೆ ಹೊಸೆದು ಇಟ್ಟಿದ್ದರು. ಅದೂ ಒಂದೇ ವೈರ್. ಹಿಂದಿನ ಮಾಲೀಕರು ಯಾವಾಗಲೋ ಹಾಕಿಸಿದ್ದ ಹಳೇ ಕಂಪ್ರೆಸರ್‌ಗೆ ಎರಡು ಇದ್ದವು, ಒಂದು ನೀಲಿ, ಒಂದು ಕರಿ. ನೀಲಿಯನ್ನು ಬೇರೆ ಕಪ್ಲರ್ ಹಾಕಿ ಹೊಸದಕ್ಕೆ ಜೋಡಿಸಿದೆ. ಕರಿ ವೈರಿಗೆ ಟೇಪ್ ಸುತ್ತಿ ಪಕ್ಕಕ್ಕೆ ಕಟ್ಟಿದೆ. ಆ ಟೇಪ್ ನೆನಪಿಟ್ಟುಕೊಳ್ಳಿ.

ಬೆಳಗ್ಗೆ ಏಳಕ್ಕೆ ಮನೆ ಮುಂದೆ ಸ್ಟಾರ್ಟ್ ಮಾಡಿ ಬಟನ್ ಒತ್ತಿದೆ. ಟಕ್! ಆ ಸದ್ದಿಗೆ ನಾನು ಎರಡು ತಿಂಗಳು ಕಾದಿದ್ದೆ. ಹತ್ತು ನಿಮಿಷಕ್ಕೆ ಗಾಳಿ ಕಿಂಡಿಯ ಥರ್ಮಾಮೀಟರ್ 9 ಡಿಗ್ರಿ ತೋರಿಸಿತು. ಮನೆಯಲ್ಲಿ ಎಲ್ಲರನ್ನೂ ಕರೆದು ಒಬ್ಬೊಬ್ಬರನ್ನೇ ಕೂರಿಸಿ ತೋರಿಸಿದೆ. ಅವ್ವ ಮಾತ್ರ, "ಛಲೋ ಆತು, ಹಂಗಾರ ಕೊಲ್ಹಾರಕ್ಕ ಹೋಗಿ ಗಡಿಗಿ ಮೊಸರು ತಂದುಬಿಡು" ಅಂದಳು. ಸರಿ, ಟೆಸ್ಟ್ ಡ್ರೈವ್‌ಗೆ ಇದಕ್ಕಿಂತ ಒಳ್ಳೆ ನೆಪ ಎಲ್ಲಿ ಸಿಗುತ್ತದೆ.

ಕೊಲ್ಹಾರ ಇಲ್ಲಿಂದ ಸುಮಾರು 40 ಕಿಲೋಮೀಟರ್. ಹೋಗುವಾಗ ಮಹಾರಾಜನ ಹಾಗೆ ಹೋದೆ. ಮೊಸರು ತೊಗೊಂಡೆ, ಕೃಷ್ಣಾ ಸೇತುವೆ ಹತ್ತಿರ ಸ್ವಲ್ಪ ನಿಂತೆ, ಹೊತ್ತು ಏರಿತು. ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಎಸಿಯ ಥರ್ಮೋಸ್ಟಾಟ್ ಒಮ್ಮೆ ಕಂಪ್ರೆಸರನ್ನು ಕಟ್ ಮಾಡಿತು. ಆಮೇಲೆ ಬಿಸಿ ಗಾಳಿ. ಬಾನೆಟ್ ಎತ್ತಿ ನೋಡಿದರೆ ಪುಲ್ಲಿ ಸುತ್ತುತ್ತಿದೆ, ಅದರ ಮುಂದಿನ ಹಬ್ ಪ್ಲೇಟ್ ಗಡದ್ದಾಗಿ ನಿಂತಿದೆ. ಕ್ಲಚ್ಚಿನ ಕಾಯಿಲ್‌ಗೆ ಕರೆಂಟ್ ಬಂದಾಗ ಅದು ಕಾಂತವಾಗಿ ಈ ಪ್ಲೇಟನ್ನು ಪುಲ್ಲಿಗೆ ಎಳೆದುಕೊಳ್ಳಬೇಕು, ಆಗಲೇ ಕಂಪ್ರೆಸರ್ ತಿರುಗುವುದು. ಪಾನಾದ ಹಿಡಿಯಿಂದ ಪ್ಲೇಟನ್ನು ಮೆಲ್ಲಗೆ ತಳ್ಳಿದೆ. (ನೀವು ಮಾಡಬೇಡಿ, ಬೆಲ್ಟ್ ಪಕ್ಕದಲ್ಲೇ ಇರುತ್ತದೆ.) ಟಕ್ ಅಂತ ಹಿಡಿಯಿತು. ಐದು ನಿಮಿಷಕ್ಕೆ ಮತ್ತೆ ಅದೇ ಹಾಡು. ಮನೆ ಮುಟ್ಟುವಷ್ಟರಲ್ಲಿ ಮೊಸರು ಹುಳಿಯಾಗಿತ್ತು, ನಾನೂ.

ಇಲ್ಲಿಂದ ಹನ್ನೊಂದು ದಿನ. ಎಲ್ಲ ಹೇಳಲ್ಲ, ಮಾಡಿದ ದಡ್ಡತನ ಮಾತ್ರ ಹೇಳುತ್ತೇನೆ.

ಮೊದಲ ಅನುಮಾನ ಪ್ರೆಶರ್ ಸ್ವಿಚ್ ಮೇಲೆ. ಬಿಸಿಲಲ್ಲಿ ಗ್ಯಾಸಿನ ಒತ್ತಡ ಏರಿ ಅದು ಕಟ್ ಮಾಡುತ್ತಿರಬಹುದು ಅಂತ ಕೆಲವು ಸೆಕೆಂಡ್ ಅದಕ್ಕೆ ಅಡ್ಡ ಜಂಪರ್ ವೈರ್ ಹಾಕಿ ನೋಡಿದೆ. ಫರಕಿಲ್ಲ. ಆಮೇಲೆ ಎಸಿ ಆಂಪ್ಲಿಫೈಯರ್ (ಕಂಪ್ರೆಸರ್ ಆನ್-ಆಫ್ ಮಾಡಿಸುವ ಪೆಟ್ಟಿಗೆ) ಮತ್ತು ಅದಕ್ಕೆ ತಂಪು ತಿಳಿಸುವ ಇವಾಪರೇಟರ್ ಸೆನ್ಸರ್. ಫರಕಿಲ್ಲ. ಆಮೇಲೆ ರಿಲೇ. ರಿಲೇ ಪಾಪ, ಕರೆದಾಗಲೆಲ್ಲ ಕ್ಲಿಕ್ ಅನ್ನುತ್ತಿತ್ತು. ಆದರೂ ಬದಲಿಸಿದೆ. ಅಂಗಡಿಯವರು ಕೊಟ್ಟದ್ದರ ಮೇಲೆ 30 ಆಂಪ್ ಅಂತ ಬರೆದಿತ್ತು. ಬಿಚ್ಚಿ ನೋಡಿದರೆ ಒಳಗಿನ ಪಾಯಿಂಟ್ ಸಾಸಿವೆ ಕಾಳಿನಷ್ಟು. ಪ್ಲಸ್ ಕಡೆಗೆ ಹಾಕಿದ್ದ ಅದೇ ಅಂಗಡಿಯ 2.5 ಸ್ಕ್ವೇರ್ ಎಂಎಂ ವೈರ್ ಕೂಡ ಹಾಗೇ. ಸುಲಿದರೆ ಕಣಕ ಜಾಸ್ತಿ, ಹೂರಣ ಕಡಿಮೆ. ಮೇಲೆ ದಪ್ಪ ಪ್ಲಾಸ್ಟಿಕ್, ಒಳಗೆ ನಾಲ್ಕು ಎಳೆ. ಚಾಕುವಿನಿಂದ ಕೆರೆದರೆ ತಾಮ್ರದ ಕೆಳಗೆ ಬೆಳ್ಳಗೆ ಅಲ್ಯೂಮಿನಿಯಂ. ಹೋಳಿಗೆಯಾಗಿದ್ದರೆ ತುಪ್ಪ ಹಾಕಿಯಾದರೂ ತಿನ್ನಬಹುದಿತ್ತು.

ನಾಲ್ಕನೇ ದಿನ ಮಲ್ಟಿಮೀಟರ್ ತೆಗೆದೆ. ಕ್ಲಚ್ಚಿನ ಕಪ್ಲರ್ ಬಿಚ್ಚಿ, ಕೆಂಪು ಕಡ್ಡಿ ನೀಲಿ ವೈರಿಗೆ, ಕರಿ ಕಡ್ಡಿ ಕಂಪ್ರೆಸರಿನ ಲೋಹದ ಬಾಡಿಗೆ. 13.8 ವೋಲ್ಟ್. ಇಲ್ಲೇ ನಾನು ಬಿದ್ದದ್ದು. ವೋಲ್ಟ್ ಪೂರ್ತಿ ಬರುತ್ತಿದೆ, ಹಾಗಾದರೆ ಕ್ಲಚ್ ಕಾಯಿಲ್ ಕೆಟ್ಟಿದೆ ಅಂದುಕೊಂಡೆ. ಕಾಯಿಲ್ ಅಳೆದರೆ ತಣ್ಣಗಿದ್ದಾಗ 3.6 ಓಮ್, ಒಳ್ಳೆ ಆರೋಗ್ಯ. ಬಿಸಿಯಾದಾಗ 4.6. ಇದೂ ತಪ್ಪಲ್ಲ. ತಾಮ್ರ ಒಂದೊಂದು ಡಿಗ್ರಿ ಬಿಸಿಯಾದಾಗಲೂ ಅದರ ತಡೆ ಶೇಕಡಾ 0.4ರ ಹತ್ತಿರ ಏರುತ್ತದೆ. ಎಂಜಿನ್ ಪಕ್ಕದಲ್ಲಿ 70 ಡಿಗ್ರಿ ಹೆಚ್ಚು ಬಿಸಿಯಾದರೆ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ.

ಕಾಯಿಲ್ ಸರಿ ಇದೆ, ವೋಲ್ಟ್ ಸರಿ ಇದೆ, ಕ್ಲಚ್ ಹಿಡಿಯಲ್ಲ. ಕಳಿಸಿದವರಿಗೆ ಫೋನ್ ಮಾಡಿದೆ.

"ಬಿಸಿಯಾದ ಮ್ಯಾಲ ಕ್ಲಚ್ ಹಿಡೀವಲ್ದರೀ."

"ಕ್ಲಚ್ ಹಿಡೀವಲ್ದೇನ್ರಿ?"

"ಹೌದ್ರಿ, ಬಿಸಿಯಾದ ಮ್ಯಾಲ."

"ಬಿಸಿಯಾದ ಮ್ಯಾಲ?"

ನಮ್ಮೂರಲ್ಲಿ ಇದಕ್ಕೆ ಫೋನ್ ಬೇಕಾಗಿಲ್ಲ, ಗೋಳಗುಮ್ಮಟ ಹತ್ತಿ ಕೂಗಿದರೆ ಸಾಕು. ಕೊನೆಗೆ, "ಗ್ಯಾಸ್ ಜಾಸ್ತಿ ಹಾಕೀರಿ" ಅಂತ ಹೇಳಿ ಇಟ್ಟುಬಿಟ್ಟರು. ನಾನು ಗ್ಯಾಸ್ ತೂಕ ಮಾಡಿ ಹಾಕಿದವನು. ಆ ರಾತ್ರಿ ಊಟ ರುಚಿಸಲಿಲ್ಲ.

ದಾರಿ ತೋರಿಸಿದ್ದು ನಮ್ಮ ಓಣಿಯ ಮೋಟರ್ ರಿವೈಂಡಿಂಗ್ ಕಾಕಾ. ಬೇಸಿಗೆಯಲ್ಲಿ ಅವರ ಅಂಗಡಿ ಮುಂದೆ ಬೋರ್‌ವೆಲ್ ಮೋಟರ್‌ಗಳ ಸಾಲೇ ಇರುತ್ತದೆ. ಚಹಾ ಕುಡಿಯುತ್ತ ನನ್ನ 13.8ರ ಕಥೆ ಕೇಳಿದರು. ಆಮೇಲೆ ಅಂದರು: "ತಮ್ಮಾ, ಖಾಲಿ ಚಕ್ಕಡಿ ಯಾವ ಎತ್ತರೆ ಎಳೀತೈತಿ. ಜ್ವಾಳದ ಚೀಲ ಹೇರಿ ನೋಡು."

ಹೌದಲ್ಲ! ಕಪ್ಲರ್ ಬಿಚ್ಚಿ ಅಳೆದರೆ ವೈರಿನಲ್ಲಿ ಕರೆಂಟೇ ಹರಿಯಲ್ಲ. ಒಂದೇ ಎಳೆ ಉಳಿದಿದ್ದರೂ, ತುಕ್ಕು ಹಿಡಿದಿದ್ದರೂ ಮೀಟರ್ ಪೂರ್ತಿ ವೋಲ್ಟ್ ತೋರಿಸುತ್ತದೆ. ಭಾರ ಹೇರಬೇಕು. ಮನೆಯಲ್ಲಿ 55 ವ್ಯಾಟಿನ ಹಳೇ ಹೆಡ್‌ಲೈಟ್ ಬಲ್ಬ್ ಇತ್ತು. ಅದು ಎಳೆಯುವುದು ನಾಲ್ಕೂವರೆ ಆಂಪ್ ಹತ್ತಿರ. ಕ್ಲಚ್ ಕಾಯಿಲ್ ಎಳೆಯುವುದೂ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಇಷ್ಟು ಚೆನ್ನಾಗಿ ಹೊಂದುವ ಜೋಡಿ ಇನ್ನೊಂದಿಲ್ಲ.

ಬಲ್ಬಿನ ಒಂದು ಕಾಲು ನೀಲಿ ವೈರಿಗೆ, ಇನ್ನೊಂದು ಬ್ಯಾಟರಿ ಮೈನಸ್‌ಗೆ. ಬೆಳ್ಳಗೆ ಉರಿಯಿತು. ಎರಡನೇ ಕಾಲನ್ನು ಬ್ಯಾಟರಿಯಿಂದ ತೆಗೆದು ಕಂಪ್ರೆಸರ್ ಬಾಡಿಗೆ ಮುಟ್ಟಿಸಿದೆ. ಹಳದಿಗೆ ತಿರುಗಿ ಮಂಕಾಯಿತು, ಕಂದೀಲಿನ ಹಾಗೆ.

ಅರ್ಥಿಂಗ್! ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ. ಒಂದೇ ವೈರಿನ ಕ್ಲಚ್ಚಿಗೆ ಅರ್ಥಿಂಗ್ ಬರುವುದು ಕಂಪ್ರೆಸರ್ ಬಾಡಿಯಿಂದ, ಬಾಡಿಗೆ ಬ್ರಾಕೆಟ್‌ನಿಂದ, ಬ್ರಾಕೆಟ್‌ಗೆ ಎಂಜಿನ್ನಿನಿಂದ. ಈ ಬ್ರಾಕೆಟ್‌ನ ಕಥೆ ಹಳಬರಿಗೆ ನೆನಪಿರಬಹುದು. ಮೂರನೇ ಕಂತಿನಲ್ಲಿ ಹೆಮ್ಮೆಯಿಂದ ಫೋಟೊ ಹಾಕಿದ್ದೆ: "ಕರಿ ಪೌಡರ್ ಕೋಟಿಂಗ್, ನೂರು ವರ್ಷ ತುಕ್ಕು ಹಿಡಿಯಲ್ಲ." ತುಕ್ಕೂ ಹಿಡಿಯಲ್ಲ, ಕರೆಂಟೂ ಹರಿಯಲ್ಲ. ಎರಡೂ ಮುಖಕ್ಕೆ, ಬೋಲ್ಟ್ ಕೂರುವ ಜಾಗಕ್ಕೆ ಸಹ, ನಾನೇ ಹೇಳಿ ದಪ್ಪ ಕೋಟ್ ಹಾಕಿಸಿದ್ದೆ. ಕಂಪ್ರೆಸರ್ ಬೋಲ್ಟಿನ ಥ್ರೆಡ್ ಎಲ್ಲೋ ಒಂದು ಕಡೆ ತಾಗಿ ಹೇಗೋ ಜೀವ ಹಿಡಿದಿತ್ತು. ಆ ಕರಿ ವೈರ್ ಇತ್ತಲ್ಲ, ಹಳೇ ಕಂಪ್ರೆಸರ್‌ಗೆ ಅರ್ಥಿಂಗ್ ಕೊಡುತ್ತಿದ್ದದ್ದು, ಅದು ಬಲ್ಬಿನಿಂದ ಒಂದು ಗೇಣು ದೂರದಲ್ಲಿ ಟೇಪ್ ಸುತ್ತಿಕೊಂಡು ನನ್ನನ್ನೇ ನೋಡುತ್ತಿತ್ತು.

ಕ್ಲಚ್ ಜೋಡಿಸಿ, ಗಾಡಿ ಬಿಸಿ ಇದ್ದಾಗಲೇ ಮತ್ತೆ ಅಳೆದೆ. ಕಂಪ್ರೆಸರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ 2.4 ವೋಲ್ಟ್. ಅಲ್ಲಿ ಸೊನ್ನೆ ಹತ್ತಿರ ಇರಬೇಕು. ಪ್ಲಸ್ ಕಡೆ ಆ ಹೋಳಿಗೆ ವೈರ್ ತಿನ್ನುತ್ತಿದ್ದದ್ದು 0.7. ಕಾಯಿಲ್‌ಗೆ ಉಳಿದದ್ದು 10.7 ವೋಲ್ಟ್, ಅಂದರೆ ಬಿಸಿಯಲ್ಲಿ 2.3 ಆಂಪ್. ತಣ್ಣಗಿದ್ದು ಎಲ್ಲ ಸರಿ ಇದ್ದರೆ 3.8 ಸಿಗಬೇಕಿತ್ತು. ಕಾಂತದ ಎಳೆತ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಅಂತ ಲೆಕ್ಕ ಹಾಕಿದರೆ ಉಳಿದದ್ದು ಮೂರರಲ್ಲಿ ಒಂದು ಪಾಲಿಗಿಂತ ಚೂರು ಜಾಸ್ತಿ. ಒಮ್ಮೆ ಹಿಡಿದ ಪ್ಲೇಟನ್ನು ಹಿಡಿದಿಡಲು ಅಷ್ಟು ಸಾಕು. ಬಿಟ್ಟದ್ದನ್ನು ಮತ್ತೆ ಎಳೆದುಕೊಳ್ಳಲು ಸಾಲದು. ಪಾನಾದಿಂದ ತಳ್ಳಿದಾಗ ಹಿಡಿಯುತ್ತಿದ್ದದ್ದು ಇದಕ್ಕೇ.

ಕಳಿಸಿದವರನ್ನು ಪೂರ್ತಿ ಬಿಟ್ಟುಬಿಡಲು ನನಗೂ ಮನಸ್ಸಿಲ್ಲ. ಸಂದು ಅಳೆಯುವ ಫೀಲರ್ ಗೇಜ್ ಹಾಕಿದರೆ ಪ್ಲೇಟ್ ಮತ್ತು ಪುಲ್ಲಿ ನಡುವಿನ ಸಂದು 0.8 ಮಿಲಿಮೀಟರ್. 0.3ರಿಂದ 0.6ರ ಒಳಗೆ ಇರಬೇಕಾದದ್ದು. ಬಣ್ಣ ಹೊಡೆಯುವ ಮೊದಲು ಅಷ್ಟು ನೋಡಬಾರದಿತ್ತಾ? ನಟ್ ಬಿಚ್ಚಿ, ಪ್ಲೇಟ್ ಎಳೆದು, ಒಳಗಿನ ಶಿಮ್‌ಗಳಲ್ಲಿ (ತೆಳು ವಾಷರ್) ಒಂದನ್ನು ತೆಗೆದೆ. 0.45ಕ್ಕೆ ಬಂತು.

ಅರ್ಥಿಂಗ್‌ಗೆ ಹಳೇ ಕರಿ ವೈರ್ ಬಳಸಲಿಲ್ಲ. ಟೇಪ್ ಬಿಚ್ಚಿದರೆ ತುದಿ ಹಸಿರು ಕಿಲುಬು. ಒಳ್ಳೆ ತಾಮ್ರದ ವೈರ್ ಒಂದು ಅಡಿ, ಎರಡೂ ತುದಿಗೆ ಥಿಂಬಲ್ (ಬೋಲ್ಟಿಗೆ ಕೂರುವ ಲೋಹದ ಬಳೆ) ಒತ್ತಿ, ಕಂಪ್ರೆಸರಿನ ಬೋಲ್ಟ್ ಕೂರುವ ಕಿವಿಯನ್ನು ಎಮರಿ ಪೇಪರಿನಿಂದ ಹೊಳೆಯುವ ತನಕ ಉಜ್ಜಿ, ಅಲ್ಲಿಂದ ಎಂಜಿನ್ ಬ್ಲಾಕಿಗೆ ಬಿಗಿದೆ. ಪ್ಲಸ್ ಕಡೆಗೂ ಹೊಸ ವೈರ್, 10 ಆಂಪ್ ಫ್ಯೂಸ್, ಬ್ಯಾಟರಿಯಿಂದ ನೇರ ರಿಲೇಯ 30 ನಂಬರಿನ ಪಿನ್ನಿಗೆ. ಮತ್ತೆ ಅಳೆದೆ. 2.4 ಇದ್ದದ್ದು 0.06.

ಇಷ್ಟಕ್ಕೆ ಸುಮ್ನೆ ಇರಬೇಕಿತ್ತು. ಕಾಯಿಲ್ ಬಿಡುವಾಗ ಹೊಡೆಯುವ ವೋಲ್ಟಿನ ಸ್ಪೈಕ್ ತಡೆಯಲು ಅಡ್ಡಲಾಗಿ ಡಯೋಡ್ ಹಾಕೋಣ ಅನ್ನಿಸಿತು. ರಾತ್ರಿ ಹತ್ತಕ್ಕೆ, ಮೊಬೈಲ್ ಬೆಳಕಿನಲ್ಲಿ. ಬಿಳಿ ಗೆರೆ ಪ್ಲಸ್ ಕಡೆ ಇರಬೇಕು, ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಬಟನ್ ಒತ್ತಿದ ಕೂಡಲೇ ಫ್ಯೂಸ್ ಹೋಯಿತು. ಅಷ್ಟು ಹೊತ್ತಿಗೆ ಎದ್ದು ಬಂದ ನಮ್ಮ ಮನೆಯವರು, "ಏನ್ರೀ, ಇನ್ನೂ ಮುಗೀಲಿಲ್ಲಾ?" ಅಂದರು. ಮುಗಿದಿತ್ತು ಅಂತ ಹೇಳಲು ಬಾಯಿ ಬರಲಿಲ್ಲ.

ಇವತ್ತು ಮತ್ತೆ ಕೊಲ್ಹಾರ. ಹೊರಗೆ 41, ಕಿಂಡಿಯಲ್ಲಿ 8. ಸಿಗ್ನಲ್‌ನಲ್ಲಿ ನಿಂತಾಗ 12. ಕಂಪ್ರೆಸರ್ ಹಿಡಿದಾಗ ಐಡಲ್ ಸ್ವಲ್ಪ ಕುಸಿದು ಗಾಡಿ ನಡುಗುತ್ತದೆ. ಎಸಿ ಹಾಕಿದಾಗ ಐಡಲ್ ಏರಿಸುವ ಐಡಲ್-ಅಪ್‌ನ ವ್ಯಾಕ್ಯೂಮ್ ಪೈಪ್ ಸೀಳಿರಬಹುದು, ಅದು ಅರ್ಧ ದಿನದ ಕೆಲಸ. ಲಾರಿ ಓವರ್‌ಟೇಕ್ ಮಾಡುವಾಗ ಎಸಿ ಆಫ್ ಮಾಡಲೇಬೇಕು. 800 ಓಡಿಸಿದವರಿಗೆ ಇದು ಹೊಸದಲ್ಲ. ಮೊಸರು ಗಟ್ಟಿಯಾಗಿಯೇ ಮನೆ ಸೇರಿತು.

ವಾಪಸ್ ಬರುವಾಗ ತಲೆಯಲ್ಲಿ ಓಡಿದ್ದು ಮಾತ್ರ ಬೇರೆ. ಹಿತ್ತಲಲ್ಲಿ ಗೋಣಿ ಚೀಲ ಹೊದ್ದು ಅಪ್ಪನ ಎಜ್ಡಿ ಬೈಕ್ ಇದೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು, ಈ ಗಾಡಿ ಅದಕ್ಕೂ ಎಷ್ಟೋ ಮೊದಲಿನದು. 6 ವೋಲ್ಟ್ ವೈರಿಂಗ್. ಹೆಡ್‌ಲೈಟ್ ಯಾವಾಗಲೂ ಮಿಣುಕು ಹುಳ. ಇಷ್ಟು ವರ್ಷ ಡೈನಮೋವನ್ನೇ ಬೈಯುತ್ತಿದ್ದೆ. 6 ವೋಲ್ಟಿನಲ್ಲಿ ಅದೇ ವ್ಯಾಟಿಗೆ ಕರೆಂಟ್ ಎರಡು ಪಟ್ಟು, ಅಂದರೆ ಕೆಟ್ಟ ಅರ್ಥಿಂಗ್ ತಿನ್ನುವ ವೋಲ್ಟೂ ಎರಡು ಪಟ್ಟು. ಇರುವುದೇ ಆರರಲ್ಲಿ ಎರಡು ಹೋದರೆ ಏನು ಉಳಿಯಿತು? 12 ವೋಲ್ಟಿಗೆ ಬದಲಿಸುವ ಪ್ಲಾನ್ ಸದ್ಯಕ್ಕೆ ಬಿಟ್ಟೆ. ಜೋಡಿಸುವಾಗ ಮೊದಲು ಬಲ್ಬ್ ಹಿಡಿದು ಎಲ್ಲ ಅರ್ಥಿಂಗ್ ಪಾಯಿಂಟ್ ನೋಡುತ್ತೇನೆ.

ಎಜ್ಡಿಯ ಚಾಸಿ ಮೊದಲೇ ಬಿಚ್ಚಿಟ್ಟಿದ್ದೇನೆ, ನಾಳೆ ಪೌಡರ್ ಕೋಟಿಂಗ್‌ಗೆ ಹೋಗುತ್ತದೆ. ಅದೇ ಅಂಗಡಿ, ಅದೇ ಕರಿ ಬಣ್ಣ. ಅರ್ಥಿಂಗ್ ಬೋಲ್ಟ್ ಕೂರುವ ಜಾಗಕ್ಕೆಲ್ಲ ಈಗಲೇ ಬಿಸಿ ತಡೆಯುವ ಟೇಪ್ ಸುತ್ತಿದ್ದೇನೆ. ಎರಡು ಸುತ್ತು.