ಮಾರ್ಗನ್ ಕುದುರೆಯ ನಾಡಿನಲ್ಲಿ ಹಳ್ಳಿಕಾರ್ ಹೋರಿಯ ನೆನಪು

ಪಕ್ಕದ ಮನೆಯ ಹುಡುಗಿ ಮೊನ್ನೆ ನಮ್ಮ ಗೋಡೆಯ ಮೇಲಿನ ಚಿತ್ರವೊಂದನ್ನು ಬಹಳ ಹೊತ್ತು ನೋಡಿದಳು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ತಾತ ತಮ್ಮ ಜೋಡಿ ಹಳ್ಳಿಕಾರ್ ಹೋರಿಗಳೊಡನೆ ನಿಂತಿರುವ ಚಿತ್ರ ಅದು. "ಇವುಗಳ ವಂಶದ ಮೊದಲ ಹೋರಿಯ ಹೆಸರೇನು?" ಎಂದು ಅವಳು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ನಾನಿರುವ ಅಮೆರಿಕದ ವರ್ಮಾಂಟ್ ರಾಜ್ಯದ ಮಕ್ಕಳಿಗೆ ಇದು ಸಹಜವಾದ ಪ್ರಶ್ನೆ. ಅವಳು ಸಾಕುತ್ತಿರುವ ಹೆಣ್ಣುಕುದುರೆ ಮಾರ್ಗನ್ ತಳಿಯದು, ಮತ್ತು ಇಂದಿನ ಮಾರ್ಗನ್ ಕುದುರೆಗಳೆಲ್ಲವೂ 1789ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಹುಟ್ಟಿದ ಫಿಗರ್ ಎಂಬ ಒಂದೇ ಗಂಡುಕುದುರೆಯ ಸಂತಾನ. ಅದನ್ನು ವರ್ಮಾಂಟಿನ ರ‍್ಯಾಂಡಾಲ್ಫಿಗೆ ತಂದ ಜಸ್ಟಿನ್ ಮಾರ್ಗನ್ ಸಂಗೀತ ಕಲಿಸುತ್ತಿದ್ದ ಮೇಷ್ಟರು. ಸಾಲದ ಬಾಬ್ತು ಆ ಕುದುರೆ ಅವರ ಕೈಸೇರಿತೆಂದು ಇಲ್ಲಿಯವರು ಹೇಳುತ್ತಾರೆ. ಸುಮಾರು 56 ಅಂಗುಲವಷ್ಟೇ ಎತ್ತರವಿದ್ದ ಅದು ಹೊಲದಲ್ಲಿ ದುಡಿದು, ಕಾಡಿನಿಂದ ದಿಮ್ಮಿ ಎಳೆದು, ಓಟದ ಪಂದ್ಯಗಳಲ್ಲೂ ಗೆದ್ದು, ಒಡೆಯರಿಂದ ಒಡೆಯರಿಗೆ ಕೈಬದಲಾಗಿ 1821ರಲ್ಲಿ ಸತ್ತಿತು. ಗಿಡ್ಡ ಬೆನ್ನು, ಬಾಗಿದ ಕತ್ತು, ಅಗಲವಾದ ಎದೆ, ಚುರುಕಾದ ದೊಡ್ಡ ಕಣ್ಣು ಇವೆಲ್ಲವನ್ನೂ ಅದು ತನ್ನ ಮರಿಗಳಿಗೆ ತಪ್ಪದೆ ದಾಟಿಸಿತು. ಸ್ಯಾಡಲ್‌ಬ್ರೆಡ್, ಟೆನೆಸ್ಸಿ ವಾಕಿಂಗ್ ಹಾರ್ಸ್ ಮತ್ತು ಕಾಲು ಮೈಲಿ ಓಟಕ್ಕೆ ಹೆಸರಾದ ಕ್ವಾರ್ಟರ್ ಹಾರ್ಸ್ ತಳಿಗಳಲ್ಲೂ ಅದರ ರಕ್ತ ಸೇರಿದೆ. ಜೋಸೆಫ್ ಬ್ಯಾಟಲ್ ಎಂಬವರು ವಂಶಾವಳಿಗಳನ್ನು ಹುಡುಕಿ ಕಲೆಹಾಕಿ 1894ರಲ್ಲಿ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದ್ದರಿಂದಲೇ ಒಬ್ಬ ಶಾಲಾಬಾಲಕಿ ಇಂದು ಅದನ್ನೆಲ್ಲ ಬಾಯಿಪಾಠವಾಗಿ ಹೇಳಬಲ್ಲಳು.

ತಾತನಿಗೂ ಆ ಜ್ಞಾನವಿತ್ತು. ಸುಳಿ, ಕೊಂಬು, ಗೊರಸು ನೋಡಿ ಯಾವ ಊರಿನ ಬೀಜದ ಹೋರಿಗೆ ಹುಟ್ಟಿದ್ದೆಂದು ಅವರು ಹೇಳುತ್ತಿದ್ದರು. ಮೈಸೂರಿನ ಸೈನ್ಯದ ಸಾಮಗ್ರಿ ಎಳೆದ ಅಮೃತಮಹಲ್ ತಳಿಗೂ ಹಳ್ಳಿಕಾರ್ ಮೂಲವಿದೆ ಎಂಬುದನ್ನು ಅಭಿಮಾನದಿಂದ ಹೇಳುವ ನಾವು, ಅಂಥ ಹಿರಿಯರ ಬಾಯಲ್ಲಿದ್ದ ವಂಶಾವಳಿಗಳನ್ನು ಬರೆದಿಡಲಿಲ್ಲ. ನನಗೆ ನೋವಾದದ್ದು ಅದಕ್ಕೆ.

ಬರಹವಿಲ್ಲದೆಯೂ ಉತ್ತಮ ತಳಿ ಬೆಳೆಯುತ್ತದೆ ಎನ್ನುವುದಕ್ಕೆ ಇದೇ ದೇಶದ ಅಪಲೂಸಾ ಸಾಕ್ಷಿ. ಮೈತುಂಬ ಚುಕ್ಕೆ, ಪಟ್ಟೆಯಿರುವ ಗೊರಸು, ಬಿಳಿ ಎದ್ದುಕಾಣುವ ಕಣ್ಣು ಇರುವ ಈ ಕುದುರೆಗಳನ್ನು ವಾಯವ್ಯದ ನೆಜ್ ಪರ್ಸ್ ಎಂಬ ಮೂಲನಿವಾಸಿ ಜನರು ಸಾಕಿ ಬೆಳೆಸಿದರು. ಕಳಪೆ ಗಂಡುಗಳ ಬೀಜ ಒಡೆದು, ಒಳ್ಳೆಯವನ್ನಷ್ಟೇ ತಳಿಗೆ ಬಿಡುವ ಪದ್ಧತಿ ಅವರದಾಗಿತ್ತು. 1877ರಲ್ಲಿ ಅಮೆರಿಕದ ಸೈನ್ಯ ಬೆನ್ನಟ್ಟಿದಾಗ ಸಾವಿರಕ್ಕೂ ಹೆಚ್ಚು ಮೈಲಿ ಅವರನ್ನು ಹೊತ್ತು ನಡೆದ ಕುದುರೆಗಳಲ್ಲಿ ಉಳಿದವು, ಕೆನಡಾದ ಗಡಿ ಹತ್ತಿರವಿರುವಾಗಲೇ ಅವರು ಶರಣಾದ ಮೇಲೆ, ಕೈಬಿಟ್ಟುಹೋದವು. ಚದುರಿದ್ದ ತಳಿಯನ್ನು ಒಟ್ಟುಗೂಡಿಸಲು ಸಂಘವೊಂದು ಹುಟ್ಟಿದ್ದು 1938ರಲ್ಲಿ. ನೆಜ್ ಪರ್ಸ್ ಜನರು ಮಧ್ಯ ಏಷ್ಯಾದ ಅಖಲ್ ಟೇಕೆ ಕುದುರೆಗಳೊಡನೆ ಅಪಲೂಸಾಗಳನ್ನು ಕೂಡಿಸಿ ತಮ್ಮದೇ ಕುದುರೆಯನ್ನು ಮತ್ತೆ ಬೆಳೆಸಲು ತೊಡಗಿದ್ದು 1990ರ ದಶಕದಲ್ಲಿ.