ಅಂಚಿನ ಬಿರುಕು

ಆ ಬಿರುಕನ್ನು ನಾನು ಬೆಳಿಗ್ಗೆ ಎಂಟು ಗಂಟೆಗೇ ನೋಡಿದ್ದೆ. ಪೈಪು ಹಾಕಲು ತೋಡಿದ್ದ ಎರಡೂವರೆ ಮೀಟರ್ ಆಳದ ಟ್ರೆಂಚಿನ ಅಂಚಿನಿಂದ ಒಂದು ಮೊಳ ಈಚೆಗೆ, ಅಂಚಿನ ಉದ್ದಕ್ಕೂ, ಬೆರಳ ತುದಿ ಹೋಗುವಷ್ಟು ನೆಲ ಬಾಯಿಬಿಟ್ಟಿತ್ತು. ಮೇಲ್ವಿಚಾರಕನಾಗಿದ್ದ ನಾನು ಅದನ್ನು ದಾಟಿಕೊಂಡು ಪೈಪುಗಳ ಲೆಕ್ಕ ಬರೆಯಲು ಹೋದೆ.

ಹಿಂದಿನ ರಾತ್ರಿಯ ಮಳೆಗೆ ಮಣ್ಣು ನೀರು ಕುಡಿದು ಭಾರವಾಗಿತ್ತು. ಅಗೆದ ಮಣ್ಣನ್ನು ಅಂಚಿನಿಂದ ಕನಿಷ್ಠ 60 ಸೆಂಟಿಮೀಟರ್ ದೂರ ಹಾಕಬೇಕೆಂದು ನನಗೆ ಗೊತ್ತಿದ್ದರೂ, ಯಂತ್ರದವನು ಅಂಚಿನ ಮೇಲೆಯೇ ಗುಡ್ಡೆ ಹಾಕಿದ್ದನ್ನು ನೋಡಿಯೂ ಸುಮ್ಮನಿದ್ದೆ. ಟ್ರೆಂಚಿನ ಮಣ್ಣಿನ ಗೋಡೆ ಕುಸಿಯದಂತೆ ಅದಕ್ಕೆ ಆನಿಸುವ ಹಲಗೆಗಳೂ ಜಾಕಿಗಳೂ ಉಗ್ರಾಣದಲ್ಲಿದ್ದವು. “ಎರಡೇ ಪೈಪು ಸಾರ್, ಒಂದು ತಾಸಿನ ಕೆಲಸ. ಹಲಗೆ ಇಳಿಸುತ್ತ ಕೂತರೆ ಮಧ್ಯಾಹ್ನವಾಗುತ್ತದೆ” ಎಂದು ಮೇಸ್ತ್ರಿ ಹೇಳಿದಾಗ ತಲೆಯಾಡಿಸಿದವನೂ ನಾನೇ.

ಗೋಡೆ ಕುಸಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ತುಂಬಿದ ಮೂಟೆಯನ್ನು ನೆಲಕ್ಕೆ ಹಾಕಿದಂಥ ಒಂದು ಶಬ್ದ, ಅಷ್ಟೆ. ಕೆಳಗಿದ್ದ ಇಬ್ಬರಲ್ಲಿ ಕಿರಿಯವನ ತೊಡೆಯವರೆಗೆ, ಹಿರಿಯವರ ಎದೆಯವರೆಗೆ ಮಣ್ಣು ಬಿದ್ದಿತ್ತು. ಹಿರಿಯವರ ಮುಖವೂ ಬಲಗೈಯೂ ಹೊರಗಿದ್ದವು. “ಒಂದು ಸನಿಕೆ ಕೊಡಿ, ನಾನೇ ಬಿಡಿಸಿಕೊಳ್ಳುತ್ತೇನೆ” ಎಂದು ಅವರು ಕೇಳಿದ್ದರಿಂದ, ಇವರಿಗೇನೂ ಆಗಲಾರದೆಂದು ನಾವೆಲ್ಲ ನಂಬಿದೆವು.

ಒಂದು ಘನ ಮೀಟರ್ ಒದ್ದೆ ಮಣ್ಣು ಒಂದೂವರೆ ಟನ್ನಿಗಿಂತ ಹೆಚ್ಚು ತೂಗುತ್ತದೆ. ಎದೆಯ ಸುತ್ತ ಅದು ಕೂತಾಗ, ಉಸಿರು ಬಿಟ್ಟು ಎದೆ ಕುಗ್ಗಿದ ಜಾಗಕ್ಕೆಲ್ಲ ಮಣ್ಣು ಇಳಿದು, ಮುಂದಿನ ಉಸಿರಿಗೆ ಎದೆ ಹಿಗ್ಗದಂತೆ ಮಾಡುತ್ತದೆ; ಮೂಗಿನ ಮುಂದೆ ಬೇಕಾದಷ್ಟು ಗಾಳಿಯಿದ್ದರೂ ಮನುಷ್ಯ ಉಸಿರುಕಟ್ಟಿ ಸಾಯುತ್ತಾನೆ. ನಮ್ಮ ಕಣ್ಣೆದುರು ನಡೆದದ್ದು ಇದೇ. ಅವರ ಮಾತು ಮೊದಲು ಗಿಡ್ಡವಾಯಿತು, ಆಮೇಲೆ ಬರೀ ತುಟಿ ಅಲುಗಿತು, ತುಟಿಯ ಬಣ್ಣ ನೀಲಿಗೆ ತಿರುಗಿತು. ಬಲಗೈ ಮಾತ್ರ ಬಹಳ ಹೊತ್ತು ಎದುರಿನ ಮಣ್ಣನ್ನು ಕೆದಕುತ್ತಲೇ ಇತ್ತು.

ಯಂತ್ರದ ಬಕೆಟ್ಟು ಇಳಿಸಿದರೆ ದೇಹಕ್ಕೇ ತಗಲುವ ಭಯ. ಜಿಗಿಯಲು ಹೊರಟವರನ್ನು, ಎದುರಿನ ಗೋಡೆಯೂ ಬಿದ್ದೀತೆಂದು ಮೇಸ್ತ್ರಿಯೇ ತಡೆದ. ಅಗ್ನಿಶಾಮಕ ದಳದವರು ಬಂದು ಮೊದಲು ಕೇಳಿದ್ದು ಹಲಗೆ ಮತ್ತು ಜಾಕಿಗಳನ್ನು. ಉಗ್ರಾಣದಿಂದ ತಂದ ಅವುಗಳನ್ನು ಗೋಡೆಗೆ ಆನಿಸಿದ ಮೇಲಷ್ಟೇ ಅವರು ಕೆಳಗಿಳಿದು, ಬಾಂಡ್ಲಿಗಳಲ್ಲಿ ಮಣ್ಣು ತುಂಬಿ ಮೇಲಕ್ಕೆ ಕೊಟ್ಟರು. ಹಿರಿಯವರನ್ನು ಎತ್ತುವಾಗ ಜೀವವಿರಲಿಲ್ಲ. ಕಿರಿಯವನು ತೊಡೆಮೂಳೆ ಮುರಿದುಕೊಂಡು ಉಳಿದ. ಈಗ ಗುದ್ದಲಿ ಹಿಡಿಯಲಾರ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜಿನಂತೆ ಕೆಲಸದ ಅಪಘಾತಗಳಲ್ಲಿ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 3,30,000 ಜನ ಸಾಯುತ್ತಾರೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಒಬ್ಬರದೆಂದು ನನ್ನ ಮುಂದಿದ್ದದ್ದು ಎರಡು ಪುಟದ ನಮೂನೆ. ಅದರ ‘ಕಾರಣ’ ಎಂಬ ಅಂಕಣದಲ್ಲಿ ‘ಕಾರ್ಮಿಕನ ಅಜಾಗರೂಕತೆ’ ಎಂದು ಬರೆಯಲು ಮೇಲಿನವರು ಹೇಳಿದರು. ಸನಿಕೆ ಕೇಳಿದ ಆ ದನಿ ಇನ್ನೂ ಕಿವಿಯಲ್ಲಿದ್ದುದರಿಂದ ನಾನು ಒಪ್ಪಲಿಲ್ಲ. ‘ಗೋಡೆಗೆ ಆಸರೆ ಹಲಗೆ ಇರಲಿಲ್ಲ’ ಎಂದು ಬರೆದು ಸಹಿ ಹಾಕಿದೆ. ಬೆಳಿಗ್ಗೆ ಎಂಟು ಗಂಟೆಯ ಬಿರುಕನ್ನು ಬರೆಯಲಿಲ್ಲ.